ಇಲಿಯೋ ಮನುಷ್ಯನೋ, ಮೊದಲು ಹೇಳಿ

ಮಾನ್ಯ ಸಂಪಾದಕರೇ,

ಆರೋಗ್ಯ ಪುಟದಲ್ಲಿ ‘ಕರುಳಿನ ಬ್ಯಾಕ್ಟೀರಿಯಾದಿಂದ ಸಕ್ಕರೆ ಕಾಯಿಲೆಗೆ ಮುಕ್ತಿ’ ಎಂಬ ಧಾಟಿಯ ತಲೆಬರಹ ಬಂದ ದಿನ ನನ್ನಂಥ ಔಷಧ ಅಂಗಡಿಯವರಿಗೆ ಒಳ್ಳೆಯ ವ್ಯಾಪಾರ. ಪುಟವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ, ‘ಇದರಲ್ಲಿ ಬರೆದಿರುವ ಮಾತ್ರೆ ಕೊಡಿ’ ಎನ್ನುತ್ತಾರೆ. ನಮ್ಮ ಕಪಾಟಿನಲ್ಲಿರುವುದು ಆಂಟಿಬಯೋಟಿಕ್ ನುಂಗಿ ಹೊಟ್ಟೆ ಕೆಟ್ಟವರಿಗೆ ವೈದ್ಯರು ಬರೆಯುವ ಪ್ರೋಬಯೋಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದೆನ್ನುವ ಬೇರೆ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲು. ಸುದ್ದಿಯಲ್ಲಿನ ಬ್ಯಾಕ್ಟೀರಿಯಾಕ್ಕೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಹಾಗೆಂದು ಹೇಳಿದರೆ, ಮಾಲು ಇಲ್ಲದ್ದಕ್ಕೆ ನೆಪ ಹೇಳುತ್ತಿದ್ದಾನೆ ಎಂದುಕೊಂಡು ಪಕ್ಕದ ಅಂಗಡಿಗೆ ನಡೆಯುತ್ತಾರೆ.

ಸಂಶೋಧನೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಇಂಥ ಸುದ್ದಿಗಳಲ್ಲಿ ಹೆಚ್ಚಾಗಿ ಕಾಣುವ ಅಕರ್‌ಮ್ಯಾನ್ಸಿಯಾ ಎಂಬ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳಿ. ನೆದರ್‌ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದವರು 2004ರಲ್ಲಿ ಅದನ್ನು ಗುರುತಿಸಿದರು. ಕರುಳಿನ ಒಳಗೋಡೆಯ ಲೋಳೆಯನ್ನೇ ತಿಂದು ಬದುಕುವ ಜೀವಿ ಅದು. ಬೊಜ್ಜು ಮತ್ತು ಟೈಪ್ 2 ಮಧುಮೇಹ ಇರುವವರ ಕರುಳಿನಲ್ಲಿ ಅದರ ಸಂಖ್ಯೆ ಕಡಿಮೆ. ಕೊಬ್ಬಿನ ಆಹಾರ ತಿನ್ನಿಸಿ ದಪ್ಪ ಮಾಡಿದ ಇಲಿಗಳಿಗೆ ಅದನ್ನು ಕೊಟ್ಟಾಗ ತೆಳುವಾಗಿದ್ದ ಲೋಳೆಯ ಪದರ ಮತ್ತೆ ದಪ್ಪವಾಯಿತು, ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು) ತಗ್ಗಿತು ಎಂದು ಬೆಲ್ಜಿಯಂನ ಪ್ಯಾಟ್ರಿಸ್ ಕಾನಿ ಅವರ ತಂಡ 2013ರಲ್ಲಿ ತೋರಿಸಿತು. ಮನುಷ್ಯರ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 2019ರಲ್ಲಿ. ಕೊನೆಯವರೆಗೂ ಉಳಿದವರು 32 ಜನ, ಅವಧಿ ಮೂರು ತಿಂಗಳು, ದಿನಕ್ಕೆ ಒಂದು ಸಾವಿರ ಕೋಟಿ ಬ್ಯಾಕ್ಟೀರಿಯಾ. ಸೋಜಿಗವೆಂದರೆ, ಜೀವಂತ ಬ್ಯಾಕ್ಟೀರಿಯಾಕ್ಕಿಂತ 70 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಟ್ಟು ಪ್ಯಾಶ್ಚರೀಕರಿಸಿದ್ದೇ ಚೆನ್ನಾಗಿ ಕೆಲಸ ಮಾಡಿತು! ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಸುಧಾರಿಸಿತು, ಕೊಲೆಸ್ಟರಾಲ್ ಸ್ವಲ್ಪ ಇಳಿಯಿತು. ಡಬ್ಬದ ಮೇಲೆ ‘ಇಷ್ಟು ಕೋಟಿ ಜೀವಂತ ಬ್ಯಾಕ್ಟೀರಿಯಾ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವವರು ಇದಕ್ಕೆ ಏನನ್ನುತ್ತಾರೋ ಕೇಳಬೇಕು.

ಈ ಪ್ರಯೋಗದಲ್ಲಿದ್ದವರು ಬೊಜ್ಜಿನ ಜೊತೆಗೆ ಇನ್ಸುಲಿನ್ ಪ್ರತಿರೋಧ ಇದ್ದವರು. ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವ ಮಧುಮೇಹಿಗಳಲ್ಲ. ಯಾರೂ ಔಷಧ ಬಿಟ್ಟು ಗುಣವಾಗಲಿಲ್ಲ. ಈ ಬ್ಯಾಕ್ಟೀರಿಯಾ ನಮ್ಮ ಮೊಸರಿನಲ್ಲಿ ಇರುವುದೂ ಇಲ್ಲ. ಮೊಸರಿನ ಬಗ್ಗೆ ಬೇರೆಯೇ ಅಧ್ಯಯನಗಳಿವೆ. ಅವುಗಳನ್ನು ನೋಡಿದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ವಾರಕ್ಕೆ ಕನಿಷ್ಠ ಎರಡು ಕಪ್ ಯೋಗರ್ಟ್ ತಿಂದರೆ ಟೈಪ್ 2 ಮಧುಮೇಹದ ಅಪಾಯ ಕಡಿಮೆಯಾಗಬಹುದು ಎಂದು ಬರೆದುಕೊಳ್ಳಲು 2024ರಲ್ಲಿ ಕಂಪನಿಗಳಿಗೆ ಅವಕಾಶ ಕೊಟ್ಟಿತು. ಆದರೆ ‘ಸೀಮಿತ ವೈಜ್ಞಾನಿಕ ಪುರಾವೆಯ ಪ್ರಕಾರ’ ಎಂಬ ಮಾತನ್ನೂ ಸೇರಿಸಲೇಬೇಕು. ಆ ಮಾತು ಸುದ್ದಿಯಾಗುವ ಹೊತ್ತಿಗೆ ಬಿದ್ದುಹೋಗುತ್ತದೆ.

ವಿಟಮಿನ್ ಡಿ ಮಧುಮೇಹವನ್ನು ತಡೆಯುತ್ತದೆ ಎಂಬ ಕಥೆಯೂ ಇದೇ. ಮಧುಮೇಹದ ಅಂಚಿನಲ್ಲಿದ್ದ 2,423 ಜನರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 4,000 ಯೂನಿಟ್ ಕೊಟ್ಟು ಅಮೆರಿಕದಲ್ಲಿ ನೋಡಿದರು. ಮಾತ್ರೆ ತೆಗೆದುಕೊಂಡವರಲ್ಲಿ ಶೇ 24.2, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದ ಉಳಿದವರಲ್ಲಿ ಶೇ 26.7 ಮಂದಿಗೆ ಮಧುಮೇಹ ಬಂತು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬುದು 2019ರ ಆ ವರದಿಯ ತೀರ್ಮಾನ. ನಮ್ಮಲ್ಲಿ 60,000 ಯೂನಿಟ್‌ನ ಸ್ಯಾಚೆಯನ್ನು ಚೀಟಿ ಇಲ್ಲದೆ ಕೇಳುವವರು ದಿನವೂ ಇದ್ದಾರೆ.

ಇಷ್ಟೆಲ್ಲ ಗದ್ದಲದಲ್ಲಿ, ಮಧುಮೇಹಿಗಳು ನಿಜಕ್ಕೂ ಕೇಳಬೇಕಾದ ವಿಟಮಿನ್ನನ್ನು ಯಾರೂ ಕೇಳುವುದಿಲ್ಲ. ಅದು ಬಿ12. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಬೇಗ ಕಾಣಿಸುವುದಿಲ್ಲ. ಸೊಪ್ಪು, ಕಾಳು, ರಾಗಿಯಲ್ಲಿ ಬಿ12 ಇಲ್ಲ; ಮೊಟ್ಟೆ ಮಾಂಸ ಮುಟ್ಟದವರಿಗೆ ಹಾಲು, ಮೊಸರೇ ಗತಿ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಬಿ12 ಕೊರತೆಯನ್ನು ಮೆಟ್‌ಫಾರ್ಮಿನ್‌ನ ಸಾಮಾನ್ಯ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿ, ಹತ್ತರಲ್ಲಿ ಒಬ್ಬರವರೆಗೂ ಬರಬಹುದೆಂದು ವೈದ್ಯರನ್ನು ಎಚ್ಚರಿಸಿತು.

ನಮ್ಮೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಅಂಗಾಲು ಉರಿ ಎಂದು ಕೆಲವು ತಿಂಗಳಿಂದ ಮಾತ್ರೆ ಒಯ್ಯುತ್ತಿದ್ದರು. ಒಂದು ದಿನ ಪ್ರೋಬಯೋಟಿಕ್ ಕೇಳಲು ಬಂದವರು ಮೆಟ್ಟಿಲ ಬಳಿ ಎಡಗಾಲಿನ ಚಪ್ಪಲಿ ಜಾರಿಬಿದ್ದರೂ ಗೊತ್ತಾಗದೆ ಒಂದೇ ಚಪ್ಪಲಿಯಲ್ಲಿ ಕೌಂಟರ್‌ವರೆಗೆ ನಡೆದು ಬಂದರು. ಚೀಟಿ ನೋಡಿದೆ: ಮೆಟ್‌ಫಾರ್ಮಿನ್ ಬೆಳಿಗ್ಗೆ, ರಾತ್ರಿ, ಬಹಳ ವರ್ಷಗಳಿಂದ. ‘ಬಿ12 ಪರೀಕ್ಷೆ ಮಾಡಿಸಿದ್ದೀರಾ ಯಜಮಾನರೇ?’ ಎಂದರೆ, ‘ಹಾಗಂದರೇನಪ್ಪಾ?’ ಎಂದರು. ಮಧುಮೇಹದಿಂದಲೂ ನರ ಕೆಡುತ್ತದೆ, ಬಿ12 ಕೊರತೆಯಿಂದಲೂ ಕೆಡುತ್ತದೆ. ಎರಡೂ ಹೊರಗೆ ಒಂದೇ ರೀತಿ ಕಾಣುವುದರಿಂದ ಎಲ್ಲವನ್ನೂ ಸಕ್ಕರೆಯ ಲೆಕ್ಕಕ್ಕೇ ಬರೆದುಬಿಡುತ್ತಾರೆ. ಇವರಿಗೆ ಪರೀಕ್ಷೆಯಲ್ಲಿ ಕೊರತೆ ಕಂಡು ವೈದ್ಯರು ಇಂಜೆಕ್ಷನ್ ಕೊಟ್ಟ ಮೇಲೆ ಉರಿ ಇಳಿದಿದೆ, ಜೋಮು ಪೂರ್ತಿ ಹೋಗಿಲ್ಲ. ಮೊದಲೇ ನೋಡಿದ್ದರೆ ಹೋಗುತ್ತಿತ್ತೋ ಏನೋ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ. ಅವರಲ್ಲಿ ಬಹುಪಾಲು ಜನರಿಗೆ ಮೊದಲು ಬರೆಯುವುದು ಮೆಟ್‌ಫಾರ್ಮಿನ್ನೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ. ಅದು ಒಳ್ಳೆಯ ಔಷಧ, ಇದನ್ನು ಓದಿ ಯಾರೂ ನಿಲ್ಲಿಸಬಾರದು. ಆದರೆ ಅದನ್ನು ವರ್ಷಗಟ್ಟಲೆ ನುಂಗುವವರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ ಮತ್ತು ಕಾಲು ಉರಿ, ಜೋಮು ಇರುವವರಿಗೆ, ಬಿ12 ಪರೀಕ್ಷೆಯನ್ನೂ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಮಾಡುವಂತೆ ಆರೋಗ್ಯ ಇಲಾಖೆ ಆದೇಶ ಹೊರಡಿಸಲಿ. ಖಾಸಗಿ ಲ್ಯಾಬಿನ ದರ ಕೇಳಿಯೇ ವಾಪಸು ಹೋದ ಕೂಲಿಯವರನ್ನು ಬಲ್ಲೆ.

ತಮ್ಮಲ್ಲಿಯೂ ಒಂದು ಕೋರಿಕೆ. ಇಂಥ ಸಂಶೋಧನೆಯ ಸುದ್ದಿ ಹಾಕುವಾಗ ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ, ಎಷ್ಟು ದಿನ ಎಂಬುದನ್ನು ಮೊದಲ ಪ್ಯಾರಾದಲ್ಲೇ ಕೊಡಿ. ಜೇಬಿನಲ್ಲಿ ಮಡಚಿಟ್ಟುಕೊಂಡು ಬರುವವರು ಅಷ್ಟನ್ನೇ ಓದಿರುತ್ತಾರೆ.

– ಔಷಧ ಅಂಗಡಿಯ ಫಾರ್ಮಸಿಸ್ಟ್, ತಿಪಟೂರು