ಪಿಕಪ್ ತಗಂಡು ಹೋದ ಮಗಳಿಗೊಂದು ಪತ್ರ

ತಂಗೀ,

ನಿನ್ನ ವಾಯ್ಸ್ ಮೆಸೇಜು ಎಲ್ಲಾ ಕೇಳ್ದೆ. ಒಂದೊಂದಕ್ಕೂ ವಾಪಸ್ ಮಾತಾಡಿ ಕಳಿಸಿದ್ರೆ ನೀನು ಅರ್ಧ ಕೇಳಿ ಅರ್ಧ ಬಿಡ್ತೀಯಾ, ಅದಕ್ಕೇ ಕೂತು ಬರೀತಾ ಇದ್ದೀನಿ, ಪೂರ್ತಿ ಓದು, ಓದಿದ ಮೇಲೆ ಫೋನ್ ಮಾಡು.

ಮೊದ್ಲು ನಿನ್ನ ದೊಡ್ಡ ಪ್ರಶ್ನೆಗೇ ಬರ್ತೀನಿ. ಮಾವಿನ ಸೀಸನ್ ಶುರು ಆಗೋ ತನಕ ಗಾಡಿ ಸುಮ್ನೆ ನಿಂತಿರ್ತದೆ, ಸಾಣಿಕಟ್ಟಾದಿಂದ ಉಪ್ಪಿನ ಬಾಡಿಗೆ ಸಿಗ್ತದೆ, ಒಪ್ಪಿಕೊಳ್ಲಾ ಅಂತ ಕೇಳಿದ್ದೀಯಲ್ಲ. ಬಾಡಿಗೆ ಬಿಡು ಅಂತ ಹೇಳೋದಿಲ್ಲ, ದುಡ್ಡು ಯಾರಿಗೆ ಬೇಡ, ಆದ್ರೆ ಈ ಗಾಡಿನ ಉಪ್ಪು ತಿಂದಷ್ಟು ಬೇರೆ ಯಾವುದೂ ತಿನ್ನೋದಿಲ್ಲ ಅನ್ನೋದು ತಲೇಲಿ ಇಟ್ಕೊ. ಇಂಜಿನ್ ಬಗ್ಗೆ ನಂಗೆ ಏನೂ ಹೆದರಿಕೆ ಇಲ್ಲ, 2523 ಸಿಸಿ ಡಿಐ ಇಂಜಿನ್ನು, ಕಂಪ್ಯೂಟರ್ ಹಿಡಿತದ ಕಾಮನ್ ರೇಲ್ ಇಂಜಿನ್ ಬರೋಕೆ ಮುಂಚಿನ ಹಳೇ ಡೀಸೆಲ್ಲು, ಟೈಮಿಗೆ ಆಯಿಲ್ ಹಾಕಿ ನೀರು ನೋಡ್ಕೊಂಡ್ರೆ ಅದು ಇನ್ನೂ ಸುಮಾರು ವರ್ಷ ಓಡ್ತದೆ. ಬೊಲೆರೋ ಪಿಕಪ್ ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ ನಮ್ಮ ಜಿಲ್ಲೇಲಿ ಹುಡುಕಿದ್ರೂ ಸಿಗೋದಿಲ್ಲ. ಸಾಯೋದು ಚಾಸಿ, ಗಾಡಿನ ಪೂರ್ತಿ ಹೊತ್ತಿರೋ ಅಡಿಯ ಕಬ್ಬಿಣದ ಚೌಕಟ್ಟು. ಸಿರ್ಸಿ ಕಡೆ ಇಷ್ಟು ವರ್ಷ ಅಡಿಕೆ ಮೂಟೆ, ಗೊಬ್ಬರ, ಸೊಪ್ಪು ಹೊತ್ತ ಗಾಡಿ ಅದು, ಮಳೆ ಕಂಡಿದೆ, ಸಮುದ್ರದ ಗಾಳಿ ಕಂಡಿಲ್ಲ. ಅಂಕೋಲೆಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರೀತದೆ, ಮೇಲಿಂದ ಉಪ್ಪುಗಾಳಿ ಬೇರೆ. ಗಾಳೀಲಿ ತೇವ ಶೇಕಡಾ 75 ದಾಟ್ತು ಅಂದ್ರೆ ಉಪ್ಪು ತಾನಾಗೇ ನೀರು ಎಳ್ಕೊಂಡು ಕರಗ್ತದೆ, ಹಾಗಾಗಿ ಶೆಡ್ಡಲ್ಲಿ ನಿಲ್ಸಿದ್ರೂ, ಒಂದು ಹನಿ ಮಳೆ ಬೀಳದಿದ್ರೂ, ಉಪ್ಪು ಹತ್ತಿದ ಕಬ್ಬಿಣ ಒಣಗೋದೇ ಇಲ್ಲ, ಒಳಗಿಂದೊಳಗೇ ತಿಂತಾ ಇರ್ತದೆ.

ಅದಕ್ಕೆ ಉಪ್ಪು ಹೊತ್ತ ದಿನವೇ ಗಾಡಿ ತೊಳೀಬೇಕು. ನಾಳೆ ತೊಳೀತೀನಿ ಅನ್ನೋ ಹಾಗಿಲ್ಲ. ಲೋಡ್ ಹಾಕೋಕೆ ಮೊದ್ಲು ಹಿಂದಿನ ಬಾಡಿ ಪೂರ್ತಿ ಒಂದೇ ದೊಡ್ಡ ತಾಡಪತ್ರಿ ಹಾಸು, ಅಂಚು ಸೈಡ್ ಹಲಗೆ ಮೇಲೆ ಬರೋ ಹಾಗೆ, ತೂತು ಇದ್ದಿದ್ದು ಹಾಸಿದ್ರೆ ಹಾಸದೇ ಇದ್ದಂಗೇ. ಚೀಲದಿಂದ ಇಳಿಯೋ ನೀರು ಬರೀ ನೀರಲ್ಲ, ಉಪ್ಪಿನ ರಸ, ಅದು ಬಾಡಿ ಸಂದಿನಿಂದ ಇಳಿದು ಸೀದಾ ಚಾಸಿ ಮೇಲೆ ಕೂರ್ತದೆ. ವಾಪಸ್ ಬಂದ ಮೇಲೆ ಮೇಲ್ಗಡೆ ಫಳಫಳ ಮಾಡ್ತಾ ಕೂರಬೇಡ, ಪೈಪನ್ನ ಅಡಿಗೆ ಬಿಡು, ಚಕ್ರದ ಕಮಾನಿನ ಒಳಗೆ, ಪಾಟಾ (ಎಲೆ ಎಲೆ ಸ್ಪ್ರಿಂಗು) ಮೇಲೆ, ಡೀಸೆಲ್ ಟ್ಯಾಂಕಿನ ಪಟ್ಟಿ ಹಿಂದೆ. ಸಿಹಿನೀರು ಆಗ್ಬೇಕು ಮತ್ತೆ, ನೀನಿರೋ ಮನೆ ಬಾವಿ ನೀರು ಬೇಸಿಗೇಲಿ ಸವಳು ಆಗ್ತದೆ ಅಂತ ನೀನೇ ಹೇಳಿದ್ದೆ. ಮೀನಿನ ಬಾಡಿಗೆ ಮಾತ್ರ ಬೇಡವೇ ಬೇಡ. ಐಸ್ ನೀರು ದಾರಿಯುದ್ದಕ್ಕೂ ಸೋರ್ತದೆ, ಆಮೇಲೆ ಅದೇ ಬಾಡೀಲಿ ಕರಿ ಈಶಾಡು ಮಾವು ಹಾಕ್ಕೊಂಡು ಹೋದ್ರೆ ಹಣ್ಣಿಗೂ ವಾಸ್ನೆ ಹಿಡೀತದೆ. 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಹಣ್ಣನ್ನ ಬಂಗ್ಡೆ ವಾಸ್ನೆ ಜೊತೆ ಮಾರಿದ್ರೆ ಗಿರಾಕಿ ಇನ್ನೊಂದ್ಸಲ ಬರ್ತಾನಾ?

ಈಗ ಒಂದು ಕೆಲ್ಸ ಮಾಡು. ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವೆ ಸಂದು ಇದೆಯಲ್ಲ, ಅಲ್ಲಿ ಟಾರ್ಚ್ ಬಿಟ್ಟು ಕೆಳಗೆ ನೋಡು. ಎಲೆ, ಮಣ್ಣು, ಅಡಿಕೆ ಸಿಪ್ಪೆ ಎಲ್ಲಾ ಸೇರಿ ಒಂದು ಮೆತ್ತೆ ಆಗಿರ್ತದೆ, ಮುಟ್ಟಿದ್ರೆ ಬಿಸ್ಲಲ್ಲೂ ಒದ್ದೆ. ಅದನ್ನ ಕೋಲಲ್ಲಿ ಕೆದಕಿ ತೆಗೆದು, ಅದರ ಅಡಿ ಇರೋ ಚಾಸಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟು. ಟಣ್ ಅಂದ್ರೆ ಪಾಸ್. ಡಬ್ ಅಂತ ಸತ್ತ ಶಬ್ದ ಬಂತು, ಹಪ್ಪಳದ ಹಾಗೆ ಪದರ ಎದ್ದು ಬಂತು ಅಂದ್ರೆ ಫೋಟೋ ಹೊಡ್ದು ನಂಗೆ ಕಳ್ಸು, ಮುಂದಿನ ಕೆಲ್ಸ ಮನೇಲಿ ಮಾಡೋದಲ್ಲ. ಮೇಲ್ಮೇಲೆ ಕೆಂಪಗೆ ಆಗಿದ್ದು ಅಷ್ಟೇ ಆದ್ರೆ ನೀನೇ ಮಾಡ್ಬಹುದು: ವೈರ್ ಬ್ರಷ್ ಹಾಕಿ ಕಬ್ಬಿಣ ಬೆಳ್ಳಗೆ ಕಾಣೋ ತನಕ ತಿಕ್ಕು, ಆಮೇಲೆ ಮರಳು ಕಾಗದ, ಸಿಹಿನೀರಲ್ಲಿ ಒರೆಸಿ ಪೂರ್ತಿ ಒಣಗಿಸಿ ಪ್ರೈಮರ್, ಅದು ಒಣಗಿದ ಮೇಲೆ ಪೇಂಟ್ ಎರಡು ಕೋಟ್. ತುಕ್ಕಿನ ಮೇಲೇ ಕಪ್ಪು ಕೋಟಿಂಗ್ ಬಳಿದ್ರೆ ನೋಡೋಕೆ ಚಂದ, ಅಡೀಲಿ ತೇವ ಸಿಕ್ಕಿ ಹಾಕ್ಕೊಂಡು ಡಬಲ್ ತಿಂತದೆ. ಗಾಡಿ ಮಾರೋರು ಮಾಡೋದೇ ಅದನ್ನ. ಅಲ್ಲಿ ಯಾರಾದ್ರೂ ವೇಸ್ಟ್ ಆಯಿಲ್ ಬಳಿ, ತುಕ್ಕು ಬರೋದಿಲ್ಲ ಅಂತ ಹೇಳ್ತಾರೆ, ನಮ್ಮ ಕಡೇನೂ ಹೇಳ್ತಾರೆ, ಬಳೀಬೇಡ, ರಬ್ಬರ್ ಬುಷ್ ಎಲ್ಲಾ ಉಬ್ಬಿ ಹಾಳಾಗ್ತದೆ, ಮಳೆಗೆ ತೊಳೆದು ಹೋಗಿ ಬಾವಿಗೇ ಇಳೀತದೆ. ಬಾಗಿಲಿನ ಅಡಿ ಅಂಚಲ್ಲಿ ಸಣ್ಣ ಸಣ್ಣ ತೂತು ಇದೆ ನೋಡು, ನೀರು ಹೋಗ್ಲಿ ಅಂತ ಕೊಟ್ಟಿದ್ದು, ಕಡ್ಡಿ ಹಾಕಿ ಬಿಡಿಸಿಡು.

ಗಾಡಿ ಅಡಿಗೆ ಹೋಗೋ ವಿಷಯ ಬಂತಲ್ಲ, ಇದು ಬೈಗುಳ ಅಂತ್ಲೇ ತಿಳ್ಕೊ. ಬರೀ ಜಾಕ್ ನಂಬಿ ಅಡಿಗೆ ಹೋಗೋ ಹಾಗಿಲ್ಲ. ನಿಮ್ಮ ಕಡೆ ಎಲ್ಲಿ ನೋಡಿದ್ರೂ ಚಿರೆಕಲ್ಲು, ಕೈಗೆ ಸಿಕ್ತು ಅಂತ ಅದನ್ನೇ ಚಾಸಿ ಅಡಿ ಕೊಡ್ತಾರೆ, ಅದು ಮನೆ ಕಟ್ಟೋಕೆ ಸರಿ, ಒಂದೇ ಮೂಲೆ ಮೇಲೆ ಭಾರ ಬಿದ್ರೆ ಹೇಳದೇ ಕೇಳದೇ ಒಡೆದು ಪುಡಿ ಆಗ್ತದೆ. ಜಾಕ್ ಸ್ಟ್ಯಾಂಡ್ ತಗೊ, ಅದು ಬರೋ ತನಕ ಅಗಲದ ಗಟ್ಟಿ ಮರದ ದಿಮ್ಮಿ. ಸಮ ನೆಲ, ಗೇರಲ್ಲಿ ಗಾಡಿ, ಹ್ಯಾಂಡ್ ಬ್ರೇಕ್, ಎತ್ತದೇ ಇರೋ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ. ಮತ್ತೆ ಒಬ್ಳೇ ಇದ್ದಾಗ ಅಡಿಗೆ ಹೋಗೋದು ಬೇಡ, ಯಾರಾದ್ರೂ ಮನೇಲಿ ಇರ್ಲಿ.

ಬ್ರೇಕಿಗೆ ಬರ್ತೀನಿ. ಮನೆಗೆ ಬಂದು ವಾಪಸ್ ಹೋಗುವಾಗ ದೇವಿಮನೆ ಘಾಟಿ ಇಳೀತೀಯಾ, ಕತಗಾಲ ಮುಟ್ಟೋ ತನಕ ಕಾಲು ಬ್ರೇಕ್ ಮೇಲೇ ಇಟ್ರೆ ಡ್ರಮ್ಮು ಕಾದು ವಾಸ್ನೆ ಬರ್ತದೆ. ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ, ಲೋಡ್ ಇದ್ರೆ ಎರಡನೇ ಗೇರು, ಇಂಜಿನ್ ಹಿಡ್ಕೊಳ್ಲಿ, ಹಿಂದೆ ಕಾರಿನವ್ರು ಹಾರ್ನ್ ಹೊಡೀಲಿ ಬಿಡು. ಆದ್ರೆ ನಾನು ಹೇಳೋಕೆ ಹೊರಟಿದ್ದು ಬ್ರೇಕ್ ಆಯಿಲ್ ಬಗ್ಗೆ. ಡಬ್ಬೀಲಿ ಲೆವೆಲ್ ಸರಿ ಇದೆ ಅಂದ್ರೆ ಆಯ್ತು ಅಂತ ನೀನು ಅಂದ್ಕೊಂಡಿದ್ದೀಯಾ. ಅದು ಗಾಳಿಲಿರೋ ತೇವ ಹೀರಿಕೊಳ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಬಿಸಿ ತಡ್ಕೊಳ್ಬೇಕು ಅಂತ ಲೆಕ್ಕ, ನೀರು ಕುಡಿದ ಮೇಲೆ ಅದೇ ಆಯಿಲ್ ಕುದಿಯೋಕೆ 140 ಸಾಕು, ಘಾಟೀಲಿ ಕಾದ ಬ್ರೇಕ್ ಒಳಗೆ ಕುದಿದು ಗುಳ್ಳೆ ಬರ್ತದೆ, ಗುಳ್ಳೆ ಬಂತು ಅಂದ್ರೆ ಪೆಡಲ್ ಮೆತ್ತಗಾಗಿ ಸೀದಾ ಕೆಳಗೆ ಹೋಗ್ತದೆ. ಎಷ್ಟು ಒತ್ತಿದ್ರೂ ಗಾಡಿ ನಿಲ್ಲೋದಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು, ಬರೀ ಮೇಲಿಂದ ತುಂಬೋದಲ್ಲ, ಈ ಸಲ ಮಳೆಗಾಲಕ್ಕೆ ಮುಂಚೆನೇ ಮಾಡ್ಸು. ಮಾಡ್ಸು ಅಂದಿದ್ದು ಗಮನಿಸು, ಮಾಡು ಅಂತಲ್ಲ. ಲೆವೆಲ್ ನೋಡೋದು, ಹಿಂದಿನ ಚಕ್ರದ ಒಳಬದಿ ಒದ್ದೆ ಗೆರೆ ಏನಾದ್ರೂ ಇಳಿದಿದ್ಯಾ ಅಂತ ಬಗ್ಗಿ ನೋಡೋದು, ಅದು ನಿನ್ನ ಕೆಲ್ಸ. ವೀಲ್ ಸಿಲಿಂಡರ್ ಬಿಚ್ಚೋದು ಮೆಕ್ಯಾನಿಕ್ ಕೆಲ್ಸ. ಯೂಟ್ಯೂಬಲ್ಲಿ ಹತ್ತು ನಿಮಿಷದಲ್ಲಿ ಮಾಡಿ ತೋರಿಸ್ತಾರೆ, ಅವ್ರು ದೇವಿಮನೆ ಇಳಿಯೋದಿಲ್ಲ ಮಾರಾಯ್ತಿ.

ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಎಳೀತದೆ, ಓಡ್ತಾ ಓಡ್ತಾ ಜಗ್ಗಿದಂಗೆ ಆಗ್ತದೆ ಅಂದ್ಯಲ್ಲ, ಮೊದ್ಲು ಡೀಸೆಲ್ ಫಿಲ್ಟರ್ ಅಡಿ ನೀರು ಬಿಡೋ ಸ್ಕ್ರೂ ಸಡಿಲ ಮಾಡಿ ಒಂದು ಗಾಜಿನ ಲೋಟಕ್ಕೆ ಹಿಡ್ದು ನೋಡು. ಸ್ವಲ್ಪ ಹೊತ್ತು ಬಿಟ್ರೆ ಅಡೀಲಿ ನೀರು ಬೇರೆಯಾಗಿ ಕೂರ್ತದೆ, ಡೀಸೆಲ್ ಮೇಲೆ ನಿಲ್ತದೆ. ನೀರು ಕಂಡ್ರೆ ಹೋಗೋ ತನಕ ಬಿಡು. ಅರ್ಧ ಖಾಲಿ ಟ್ಯಾಂಕ್ ರಾತ್ರಿಯೆಲ್ಲಾ ನಿಂತ್ರೆ ಒಳಗೆ ಗಾಳಿಯ ತೇವ ಬೆವರಿ ಇಳೀತದೆ, ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಟ್ಕೊ ಅಂತ ನಾನು ಹೇಳೋದು ಅದಕ್ಕೇ, ನೀನು ಐನೂರು ಐನೂರು ಹಾಕಿಸೋದು ಬಿಡು. ಫಿಲ್ಟರ್ ಬದಲಾಯಿಸಿದ್ರೆ ಏರ್ ತೆಗೀಬೇಕು, ಮೇಲಿನ ಸ್ಕ್ರೂ ಸಡಿಲ ಮಾಡಿ ಕೈ ಪಂಪ್ ಒತ್ತು, ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡು, ಇಷ್ಟು ಕೈಯಲ್ಲೇ ಆಗ್ತದೆ. ಪಂಪು, ನಾಝಲ್ ಕಡೆ ಪಾನಾ ತಗಂಡು ಹೋಗ್ಬೇಡ.

ರೇಡಿಯೇಟರಿಗೆ ಬಾವಿ ನೀರು ಹಾಕ್ಬೇಡ, ಸವಳು ನೀರಂತೂ ಒಳಗಿಂದ ತಿಂತದೆ, ಕೂಲಂಟೂ ಡಿಸ್ಟಿಲ್ಡ್ ನೀರೂ ಅರ್ಧ ಅರ್ಧ. ಘಾಟಿ ಹತ್ತುವಾಗ ಇಂಜಿನ್ ಬಿಸಿ ತೋರಿಸೋ ಮುಳ್ಳು ಮೇಲೆ ಹೋದ್ರೆ ಸೈಡಿಗೆ ಹಾಕು, ಕ್ಯಾಪ್ ಮಾತ್ರ ಮುಟ್ಟಬೇಡ, ಬರಿಗೈಯಲ್ಲಿ ಮೇಲಿನ ಪೈಪ್ ಹಿಡಿಯೋಕೆ ಆಗೋಷ್ಟು ತಣ್ಣಗಾಗ್ಲಿ. ಮಳೆಗಾಲದಲ್ಲಿ ಎಲ್ಲಿ ನಿಲ್ಸ್ತೀಯಾ ಅನ್ನೋದೂ ನೋಡ್ಕೊ, ಗುಡ್ಡ ಕಡಿದ ಗೋಡೆ ಅಡಿ ನಿಲ್ಸೋದಲ್ಲ, 2024ರ ಜುಲೈನಲ್ಲಿ ಶಿರೂರಲ್ಲಿ ಗುಡ್ಡ ಕುಸಿದಿದ್ದು ನಿನ್ನ ಮನೆಯಿಂದ ದೂರ ಏನಲ್ಲ. ಇನ್ನರ್ಧ ಕಿಲೋಮೀಟರ್ ನಿಧಾನ ಹೋಗಿ ಬಯಲಲ್ಲಿ ನಿಲ್ಸಿದ್ರೆ ಇಂಜಿನ್ ಕಾದು ಅದರ ಹೆಡ್ ಗ್ಯಾಸ್ಕೆಟ್ ಹೋಗ್ತದೋ ಏನೋ, ಹೋಗ್ಲಿ ಬಿಡು, ಹಾಕ್ಸಿದ್ರಾಯ್ತು.

ಗ್ರೀಸ್ ಗನ್ ಸೀಟ್ ಹಿಂದೆ ಇದೆ. ಹಿಂದಿನ ಚಕ್ರ ತಿರುಗಿಸೋ ಉದ್ದ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ, ಅಂದ್ರೆ ಅದರ ಕೀಲಿಗೆ ಹೊಡಿ, ನಿಪ್ಪಲ್ ಮೊದ್ಲು ಬಟ್ಟೇಲಿ ಒರೆಸು, ಇಲ್ಲಾಂದ್ರೆ ಗ್ರೀಸ್ ಜೊತೆ ಮರಳೂ ಒಳಗೆ. ಹಳೇದು ಕಪ್ಪಗೆ ಹೊರಗೆ ಬಂದು ಹೊಸದು ಕಾಣ್ಬೇಕು. ಪಾಟಾದ ಯು ಬೋಲ್ಟ್ ಬಿಗಿ ಇದೆಯಾ ನೋಡು, ಯಾವುದಾದ್ರೂ ಎಲೆಗೆ ಸೀಳು ಬಂದಿದ್ರೆ ಸೀಳಿದ ಜಾಗ ಕೆಂಪಗೆ ಗೆರೆ ಕಾಣ್ತದೆ. ಬ್ಯಾಟ್ರಿ ಟರ್ಮಿನಲ್ ಮೇಲೆ ಬಿಳಿ ಬೂಷ್ಟು ಬಂದ್ರೆ ಅಡಿಗೆ ಸೋಡ ಕಲಸಿದ ಬಿಸಿನೀರು, ಬಿಚ್ಚುವಾಗ ನೆಗೆಟಿವ್ ಮೊದ್ಲು, ಹಾಕುವಾಗ ನೆಗೆಟಿವ್ ಕೊನೆಗೆ, ಮೇಲೆ ವ್ಯಾಸಲೀನ್ ಬಳಿ. ಯಾರಾದ್ರೂ ಚಾಸಿಗೆ ವೆಲ್ಡಿಂಗ್ ಮಾಡೋದಾದ್ರೆ ಬ್ಯಾಟ್ರಿ ವೈರ್ ಬಿಚ್ಚಿದ ಮೇಲೇ ಶುರು ಮಾಡ್ಲಿ, ನೀನೇ ನಿಂತು ಬಿಚ್ಚಿಸು. ಇಲಿ ವೈರ್ ಕಡೀತದೆ ಅನ್ನೋದಕ್ಕೆ ನಂಗೆ ಉಪಾಯ ಇಲ್ಲ. ಹೊಗೆಸೊಪ್ಪು ಇಡು ಅಂತಾರೆ, ನಮ್ಮನೆ ಇಲಿ ಅದರ ಪಕ್ಕದಲ್ಲೇ ಗೂಡು ಮಾಡ್ತು.

ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟು) ವರ್ಷ ವರ್ಷ ಮಾಡಿಸ್ಬೇಕು, ನಮ್ಮದು ದಾಟಿ ಸುಮಾರಾಯ್ತು. ಲಾಸ್ಟ್ ಡೇಟ್ ನೋಡಿ ಓಡೋದಲ್ಲ, ಒಂದು ತಿಂಗಳು ಮೊದ್ಲೇ ಲೈಟು, ಹ್ಯಾಂಡ್ ಬ್ರೇಕು, ಹೊಗೆ ನೋಡ್ಕೊ. ಕಪ್ಪು ಹೊಗೆ ಜಾಸ್ತಿ ಇದ್ರೆ ಏರ್ ಫಿಲ್ಟರ್ ತೆಗೆದು ನೋಡಿ ಆಮೇಲೆ ಬೇರೆ ಮಾತು. ನೀಲಿ ಹೊಗೆ ಬಂದ್ರೆ ಇಂಜಿನ್ ಆಯಿಲ್ ಉರೀತಾ ಇದೆ, ಆಗ ನಂಗೆ ಹೇಳು.

ನಿನ್ನ ಅಪ್ಪಯ್ಯ ಇದನ್ನೆಲ್ಲಾ ಓದಿ, ಹೊಸ ಗಾಡಿನೇ ತಗಳ್ಲಿ ಸಾಲ ಮಾಡಿ, ಅವ್ಳು ಗಾಡಿ ಅಡೀಲಿ ಬಿದ್ಕೊಂಡಿದ್ರೆ ವ್ಯಾಪಾರ ಯಾರು ಮಾಡೋದು ಅಂತಾರೆ. ಅವ್ರಿಗೆ ಗಾಡಿ ಅಂದ್ರೆ ಸ್ಟೇರಿಂಗು, ಹಾರ್ನು ಅಷ್ಟೇ, ಅಡಿ ಬಗ್ಗಿ ನೋಡಿದ್ದೆಲ್ಲಾ ನಾನೇ. ಕಂತು ಕಟ್ಟೋ ಗಾಡಿ ಇದ್ರೆ ಉಪ್ಪು, ಮೀನು, ಮರಳು ಸಿಕ್ಕಿದ್ದೆಲ್ಲಾ ಹೊರ್ಬೇಕಾಗ್ತದೆ, ಇದ್ರಲ್ಲಿ ನಿಂಗೆ ಬೇಡದ ಬಾಡಿಗೆಗೆ ಬೇಡ ಅನ್ಬಹುದು. ನಿನ್ನ ವ್ಯಾಪಾರ ನಿಂತ್ಕೊಳ್ಳೋ ತನಕ ಇದೇ ಇರ್ಲಿ ಅಂತ ನನ್ನ ಲೆಕ್ಕ. ಆದ್ರೆ ಚಾಸಿ ಡಬ್ ಅಂದ್ರೆ ಆ ಮಾತು ಬದಲಾಗ್ತದೆ, ಆಗ ಅಪ್ಪಯ್ಯ ಹೇಳಿದ್ದೇ ಸರಿ.

ಭಾನುವಾರ ಬೆಳಿಗ್ಗೆ ಆ ಸಂದು ಬಿಡಿಸಿ ಕುಟ್ಟಿ ನೋಡು, ಕುಟ್ಟೋವಾಗ ವಿಡಿಯೋ ಮಾಡಿ ಕಳ್ಸು, ಶಬ್ದ ಕೇಳೋ ಹಾಗೆ ಹತ್ರ ಹಿಡಿ. ಉಪ್ಪಿನವ್ರಿಗೆ ಅದು ನೋಡಿದ ಮೇಲೆ ಹೂಂ ಅನ್ನು. ಊರಿಗೆ ಬರುವಾಗ ಕುಮಟಾದಲ್ಲಿ ಒಂದು ಡಬ್ಬಿ ಗ್ರೀಸ್ ತಗಂಡು ಬಾ, ಇಲ್ಲಿ ಸ್ಪ್ರೇಯರಿಗೆ ಹಾಕೋಕೆ ಖಾಲಿ ಆಗಿದೆ.

ನಿನ್ನ
ಆಯಿ