ಹೆಸರು ಕೇಳಲು ಮರೆತ ಅಕ್ಕನಿಗೆ

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ, ನಮ್ಮ ಬದಿಯಡ್ಕದ ಕನ್ನಡ ಕಿವಿಗೆ ಬಿದ್ದು ಹತ್ತಿರ ಬಂದು ಕೂತ ಅಕ್ಕಾ, ನಿಮಗೆ ಕೈಮುಗಿದೆವು.

ಜೊಲ್ಲುಗ್ರಂಥಿಯ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ನರದ ಗುಂಟ ಹರಡುವ ಜಾತಿಯ ಕ್ಯಾನ್ಸರ್. ಗಡ್ಡೆ ತೆಗೆದ ಮೇಲೂ ಸಾಮಾನ್ಯವಾಗಿ ರೇಡಿಯೇಷನ್ ಯಾಕೆ ಬೇಕೆಂದು ಬಿಡಿಸಿ ಹೇಳಿದಿರಿ. ಹುಳುಕು ಹಲ್ಲು ಕೀಳಿಸುವುದಿದ್ದರೆ ರೇಡಿಯೇಷನ್ನಿಗೆ 2–3 ವಾರ ಮೊದಲೇ ಆಗಬೇಕು, ಆಮೇಲೆ ಕಿತ್ತರೆ ಗಾಯ ಮಾಯದೆ ದವಡೆಯ ಎಲುಬೇ ಸಾಯಬಹುದು ಎಂದಿರಿ. ಅದೊಂದೇ ಮಾತು ಸಾಕಿತ್ತು. ಲೀಟರ್ ನೀರಿಗೆ ಒಂದೊಂದು ಸಣ್ಣ ಚಮಚ ಉಪ್ಪು, ಅಡುಗೆ ಸೋಡಾ ಹಾಕಿ ದಿನಕ್ಕೆ 5–6 ಸಲ ಮುಕ್ಕಳಿಸುವುದು. ಆಲ್ಕೋಹಾಲ್ ಇರುವ ಮೌತ್‌ವಾಶ್ ರೇಡಿಯೇಷನ್ನಿನಿಂದ ಬಾಯಲ್ಲಾಗುವ ಹುಣ್ಣನ್ನು ಉರಿಸುತ್ತದೆ, ಬೇಡ. (ಗಂಜಿಗೆ ಮಿಡಿ ಉಪ್ಪಿನಕಾಯಿ ಬಿಡಿಸಿದ್ದೇ ದೊಡ್ಡ ಸಾಹಸ!)

10 ವರ್ಷ ಕಳೆದರೂ ಈ ಕ್ಯಾನ್ಸರ್ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು, 5 ವರ್ಷಕ್ಕೇ ತಪಾಸಣೆ ನಿಲ್ಲಿಸಬೇಡಿ ಎಂದಿದ್ದಿರಲ್ಲ, ಎದೆಯ ಸ್ಕ್ಯಾನಿನ ತಾರೀಕು ಕ್ಯಾಲೆಂಡರಿನಲ್ಲಿ ಬರೆದಾಗಿದೆ.