ಸಿಕ್ಕಿಬಿದ್ದ ಮಕ್ಕಳ ವಿಡಿಯೊ ಬೇಡ

ಸೂಪರ್ ಮಾರ್ಕೆಟ್‌ಗಳಲ್ಲಿ ಚಾಕೊಲೇಟ್, ಪೆನ್ನು ಕದ್ದು ಸಿಕ್ಕಿಬಿದ್ದ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ ಬೈಯುವುದು, ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕುವುದು ನಿಲ್ಲಬೇಕು. ನಾನೂ ಇಂಥದ್ದೇ ಒಂದು ಅಂಗಡಿಯ ಸೆಕ್ಯುರಿಟಿ ಗಾರ್ಡ್.

ಮೊನ್ನೆ ಒಬ್ಬ ಹುಡುಗ ಜಾಮಿಟ್ರಿ ಬಾಕ್ಸನ್ನು ಅಂಗಿಯೊಳಗೆ ಸೇರಿಸಿಕೊಂಡಿದ್ದ. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ. ಕೈ ನಡುಗುತ್ತಿತ್ತು. 'ಶಾಲೇಲಿ ದಿನಾ ಹೊರಗೆ ನಿಲ್ಲಿಸ್ತಾರೆ ಅಂಕಲ್' ಎಂದ. ಬಾಕ್ಸ್ ವಾಪಸ್ ಇಡಿಸಿ, ಅವನ ತಾಯಿಯನ್ನು ಕರೆಸಿ ಕಳಿಸಿಕೊಟ್ಟೆ. ಮ್ಯಾನೇಜರ್ ಮುನಿಸಿಕೊಂಡರು, ಅದು ಬೇರೆ ಮಾತು. ಸುಮ್ನೆ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ತಪ್ಪನ್ನು ಮನೆಯವರಿಗೆ ತಿಳಿಸಿದರೆ ಸಾಕು, ಊರಿಗೆಲ್ಲ ಯಾಕೆ?

2015ರ ಬಾಲನ್ಯಾಯ ಕಾಯ್ದೆಯೂ ಕಾನೂನಿನ ಸುಳಿಗೆ ಸಿಕ್ಕಿದ 18 ವರ್ಷದೊಳಗಿನವರ ಹೆಸರು, ಫೋಟೊ ಪ್ರಕಟಿಸಬಾರದು ಎನ್ನುತ್ತದೆ. ಮೀರಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ನಮ್ಮಲ್ಲಿ ಬಹಳಷ್ಟು ಗಾರ್ಡ್‌ಗಳಿಗೆ ಗೊತ್ತೇ ಇಲ್ಲ.

2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪ್ರಕಾರ ಖಾಸಗಿ ಗಾರ್ಡ್‌ಗಳಿಗೆ ತರಬೇತಿ ಕಡ್ಡಾಯ. ಅದರಲ್ಲಿ ಅರ್ಧ ದಿನವಾದರೂ ಮಕ್ಕಳ ವಿಷಯ ಹೇಳಿಕೊಡಲಿ. ಜೊತೆಗೆ ಪ್ರತಿ ಅಂಗಡಿಯ ಸಿಬ್ಬಂದಿ ಕೋಣೆಯಲ್ಲಿ ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಅಂಟಿಸಲಿ.

– ಒಬ್ಬ ಸೆಕ್ಯುರಿಟಿ ಗಾರ್ಡ್, ಮೈಸೂರು